ಅರ್ಥಿಂಗ್ ಗುಂಡಿಗೆ ಬಿದ್ದ ನೀರು

ಆರಿಹೋಗಿರಬೇಕಾಗಿದ್ದ ದೀಪ ಉರಿಯುತ್ತಿತ್ತು.

ಹನ್ನೆರಡು ದಿನಗಳ ಬಳಿಕ ಮನೆಯ ಬೀಗ ತೆಗೆದ ರವೀಂದ್ರ, ಕೈಯಲ್ಲಿದ್ದ ಚೀಲವನ್ನು ಇಳಿಸುವುದನ್ನೂ ಮರೆತು ಹಿಂಬದಿಯ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ. ಗೋಡೆಗೆ ಕೂರಿಸಿದ್ದ ಸರ್ಜ್ ಪ್ರೊಟೆಕ್ಟರಿನ ಮೇಲೆ ತೊಗರಿ ಕಾಳಿನಷ್ಟು ಗಾತ್ರದ ಹಸಿರು ದೀಪ ಸ್ಥಿರವಾಗಿ ಬೆಳಗುತ್ತಿತ್ತು. ಅದು ಉರಿಯುತ್ತಿದೆಯೆಂದರೆ ಮನೆಯ ಅರ್ಥಿಂಗ್ ಸರಿಯಾಗಿದೆ, ಸಿಡಿಲಿನ ಹೊಡೆತಕ್ಕೆ ತಂತಿಯಲ್ಲಿ ನುಗ್ಗುವ ವಿದ್ಯುತ್ತಿಗೆ ನೆಲಕ್ಕಿಳಿಯಲು ದಾರಿಯಿದೆ ಎಂದರ್ಥ. ಮನೆಯ ಹಿಂದೆ ಆಳುದ್ದದ ಗುಂಡಿ ತೋಡಿ, ಉಪ್ಪು ಮತ್ತು ಇದ್ದಿಲನ್ನು ತುಂಬಿ, ನಡುವೆ ಪೈಪು ನಿಲ್ಲಿಸಿದ್ದ ಪಾಂಡವಪುರದ ಎಲೆಕ್ಟ್ರೀಷಿಯನ್ ದಾಸಯ್ಯ ಅಂದೇ ಎಚ್ಚರಿಸಿದ್ದ: "ಬ್ಯಾಸ್ಗೇಲಿ ದಿನಾ ಎರಡು ಬಿಂದಿಗೆ ನೀರು ಉಯ್ಯಬೇಕು. ಗುಂಡಿ ಒಣಗ್ತು ಅಂದ್ರೆ ಈ ಪೆಟ್ಟಿಗೆ ಬರೀ ಅಲಂಕಾರಕ್ಕೆ."

ಏಪ್ರಿಲ್ ತಿಂಗಳ ಬಿಸಿಲು. ಗಂಜಾಮಿನಲ್ಲಿದ್ದ ತಂಗಿ ಸುನಿತಾಳ ಆಪರೇಷನ್ನಿಗೆಂದು ಹೋದವನು ಈಗ ಹಿಂದಿರುಗಿದ್ದ. ಹನ್ನೆರಡು ದಿನ ಗುಂಡಿಗೆ ಹನಿ ನೀರು ಬಿದ್ದಿರಲು ಸಾಧ್ಯವಿರಲಿಲ್ಲ. ದೀಪ ನಾಲ್ಕನೆಯ ದಿನಕ್ಕೇ ಆರಬೇಕಿತ್ತು.

ರವೀಂದ್ರ ಹಿತ್ತಿಲಿಗೆ ಹೋಗಿ ನೋಡಿದ. ಗುಂಡಿಯ ಬಾಯಿಗೆ ಮುಚ್ಚಿದ್ದ ಚಪ್ಪಡಿ ಒಂದು ಗೇಣು ಪಕ್ಕಕ್ಕೆ ಸರಿದಿತ್ತು. ಒಳಗಿನ ಮಣ್ಣು ಕಪ್ಪಗೆ, ಒದ್ದೆಯಾಗಿತ್ತು.

ಯಾರೋ ಬಂದಿದ್ದರು. ದಿನವೂ ಬಂದಿದ್ದರು.

ಅವನು ದಾಸಯ್ಯನಿಗೆ ಫೋನ್ ಮಾಡಿದ.

"ಯಾರೋ ನೀರು ಉಯ್ದವ್ರೆ ಅಂತ ದೂರು ಏಳ್ತಾ ಇದೀಯಾ?" ದಾಸಯ್ಯ ನಕ್ಕ. "ಆ ಪುಣ್ಯಾತ್ಮನ್ನ ಇತ್ತಾಗೂ ಕಳ್ಸಪ್ಪ, ನಮ್ಮನೆ ಗುಂಡೀನೂ ಒಣಗೋಗದೆ."

"ತಮಾಸೆ ಬುಡು ದಾಸಣ್ಣ. ನಂಗಾಗದೇ ಇರೋವ್ರು ಇಲ್ಲೇ ಪಕ್ದಲ್ಲೇ ಅವ್ರೆ."

ದಾಸಯ್ಯನ ನಗು ನಿಂತಿತು. "ಅಂಗಾರೆ ಒಸಿ ಉಸಾರು. ನೀರಿನ್ ಜೊತೆ ಆಸಿಡ್ಡು ಗೀಸಿಡ್ಡು ಬೆರ್ಸಿದ್ರೆ ಪೈಪ್ನ ತಿಂದಾಕ್ಬುಡ್ತದೆ. ದೀಪ ಉರೀತಾನೇ ಇರ್ತದೆ, ಒಂದಿನ ಸಿಡ್ಲು ಬಂದಾಗ ಗೊತ್ತಾಯ್ತದೆ."

ಆಗದವನೆಂದರೆ ಲೋಕೇಶ. ಹೊಣಕೆರೆಗೆ ಮೂರು ಮೈಲಿ ದೂರದ ಆ ಊರಿನಲ್ಲಿ ಇಬ್ಬರ ಹಿತ್ತಿಲುಗಳ ನಡುವೆ ಇದ್ದದ್ದು ಒಂದು ಕತ್ತಾಳೆಯ ಬೇಲಿ ಮಾತ್ರ. ಇಬ್ಬರಿಗೂ ನಲವತ್ತಮೂರು ವರ್ಷ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಒಂದು ಕಾಲದಲ್ಲಿ ಒಂದೇ ಬೈಕಿನ ಮೇಲೆ ಕೆ.ಆರ್. ಪೇಟೆ, ಪಾಂಡವಪುರಗಳ ಕಡೆ ಹೆಣ್ಣು ನೋಡಲು ಹೋಗಿ, ಬರುವಾಗ ಗಂಜಾಮಿನ ನಿಮಿಷಾಂಬೆಗೆ ಕೈಮುಗಿದು, ಹೊಳೆಯ ಮೆಟ್ಟಿಲ ಮೇಲೆ ಕುಳಿತು ಹೆಣ್ಣಿನ ಕಡೆಯವರ ಉಪ್ಪಿಟ್ಟಿಗೆ ಅಂಕ ಕೊಡುತ್ತಿದ್ದವರು. ಹೊಲದಲ್ಲಿರುವ ಗಂಡಿಗೆ ಹೆಣ್ಣು ಕೊಡುವವರು ಇರಲಿಲ್ಲ. ಹಾಲಿನ ಡೇರಿಯ ಕಾರ್ಯದರ್ಶಿಯೆಂಬ ಬಿರುದೂ ರವೀಂದ್ರನಿಗೆ ನೆರವಾಗಲಿಲ್ಲ.

ಈಗಿನ ಹೆಣ್ಣುಮಕ್ಕಳು ಗಂಡಿಗಿಂತ ಮೊದಲು ಮನೆಯನ್ನು ನೋಡುತ್ತಾರೆ ಎಂದು ಯಾರೋ ಹೇಳಿದ್ದನ್ನು ನಂಬಿ ಆರು ವರ್ಷದ ಹಿಂದೆ ಅವನು ಹಿಂಬದಿಯ ಕೋಣೆಯನ್ನು ಪುಟ್ಟ ಚಿತ್ರಮಂದಿರವಾಗಿಸಿದ್ದ. ಗೋಡೆಯಗಲದ ಪರದೆ, ಪ್ರೊಜೆಕ್ಟರು, ಐದು ದಿಕ್ಕಿಗೆ ಐದು ಸ್ಪೀಕರು, ಕಾಲು ಚಾಚಿ ಒರಗುವ ಎರಡು ಮೆತ್ತನೆಯ ಕುರ್ಚಿಗಳು. ಒಂದು ಅವನಿಗೆ. ಇನ್ನೊಂದರ ಪ್ಲಾಸ್ಟಿಕ್ ಹೊದಿಕೆಯನ್ನು ಅವನು ತೆಗೆದೇ ಇರಲಿಲ್ಲ. ಬರುವವಳೇ ತೆಗೆಯಲಿ ಎಂಬ ಆಸೆ. ದಿನವೂ ಸಂಜೆ ಸಿನಿಮಾ ನೋಡಲು ಬರುತ್ತಿದ್ದ ಲೋಕೇಶ ಒಮ್ಮೆ ಅದರ ಮೇಲೆ ಕೂರಲು ಹೋದಾಗ, "ಅದು ಬ್ಯಾಡ ಕಣ್ಲಾ, ಕೊಳೆ ಆಯ್ತದೆ" ಎಂದು ಗೋಣಿಚೀಲವನ್ನು ಮಡಿಸಿ ನೆಲಕ್ಕೆ ಹಾಸಿಕೊಟ್ಟಿದ್ದ.

ಮೊದಲ ಆಂಪ್ಲಿಫೈಯರನ್ನು ಸಿಡಿಲು ಸುಟ್ಟಿತು. ಆಗಲೇ ದಾಸಯ್ಯ ಬಂದು ಪ್ರೊಟೆಕ್ಟರು ಕೂರಿಸಿದ್ದು. ಗುಂಡಿ ತೋಡಿದವನು ಲೋಕೇಶ, ನಾಗಮಂಗಲದಿಂದ ಉಪ್ಪಿನ ಮೂಟೆಯನ್ನು ಬೈಕಿನ ಮೇಲೆ ತಂದವನೂ ಅವನೇ. ಎರಡನೆಯದನ್ನು ಸುಟ್ಟದ್ದು ಮಾತ್ರ ಸಿಡಿಲಲ್ಲ. ಪಂಪ್‌ಸೆಟ್ಟಿಗೆ ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ ಲೋಕೇಶ ಕಂಡೆನ್ಸರ್ ಕಟ್ಟಿ, ಒಂದೇ ಫೇಸಿನಲ್ಲಿ ಕಳ್ಳತನದಿಂದ ಮೋಟಾರು ಓಡಿಸಿದ. ಆ ಭಾರಕ್ಕೆ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ತಂತಿ ಸುಟ್ಟು, ಮನೆಗಳಿಗೆ ಇಮ್ಮಡಿ ವೋಲ್ಟೇಜ್ ನುಗ್ಗಿತು. ಕೋಪದ ಭರದಲ್ಲಿ ರವೀಂದ್ರ ಲೈನ್‌ಮನ್ನನಿಗೆ ಹೆಸರು ಹೇಳಿದ. ಲೋಕೇಶನ ಸಂಪರ್ಕ ಕಡಿತವಾಯಿತು. ಡೇರಿಯ ಮುಂದೆ ಹತ್ತು ಜನರ ಎದುರು ಅವನು, "ನಿನ್ ಥೇಟ್ರು ಎಷ್ಟು ದಿನ ಓಡ್ತದೋ ನಾನೂ ನೋಡ್ತೀನಿ ಕಣ್ಲಾ" ಎಂದು ಹೇಳಿ ಹೋದ.

ಅದಾಗಿ ಎರಡು ವರ್ಷ. ಪ್ರತಿ ಬೆಳಗ್ಗೆ ಲೋಕೇಶ ಡೇರಿಗೆ ಹಾಲು ತರುತ್ತಿದ್ದ, ರವೀಂದ್ರ ಹಾಲಿನ ಗಟ್ಟಿತನ ಅಳೆದು ಡಿಗ್ರಿ ಬರೆದುಕೊಳ್ಳುತ್ತಿದ್ದ. ಇಬ್ಬರೂ ಹಾಲಿನ ಕ್ಯಾನನ್ನು ನೋಡುತ್ತಿದ್ದರೇ ಹೊರತು ಒಬ್ಬರ ಮುಖವನ್ನೊಬ್ಬರು ನೋಡುತ್ತಿರಲಿಲ್ಲ. ಮೂರನೆಯ ಆಂಪ್ಲಿಫೈಯರಿನ ಜೊತೆಗೆ, ವೋಲ್ಟೇಜ್ ಹೆಚ್ಚಾದೊಡನೆ ಕಡಿದುಕೊಳ್ಳುವ ಸ್ಟೆಬಿಲೈಸರನ್ನೂ, ಕರೆಂಟು ಹೋದರೆ ಹದಿನೈದು ನಿಮಿಷ ನಿಲ್ಲುವ ಯುಪಿಎಸ್ಸನ್ನೂ ರವೀಂದ್ರ ತಂದ. ಸಿಡಿಲಿಗೆ ಮಾತ್ರ ಆ ಗುಂಡಿಯೊಂದೇ ಕಾವಲು. ಈ ಆಂಪ್ಲಿಫೈಯರೂ ಸುಟ್ಟರೆ ಮತ್ತೊಂದನ್ನು ಕೊಳ್ಳುವ ಚೈತನ್ಯ ತನಗಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಸಂಜೆಯಾದ ಮೇಲೆ ಆ ಮನೆಯಲ್ಲಿ ಮಾತಾಡುತ್ತಿದ್ದದ್ದು ಅದೊಂದೇ.

ಮರುದಿನ ಅವನೊಂದು ಉಪಾಯ ಹೂಡಿದ. ಬೆಳಗ್ಗೆ ಎಂದಿನಂತೆ ಬೈಕಿನಲ್ಲಿ ಡೇರಿಗೆ ಹೋಗಿ, ಬೈಕನ್ನು ಅಲ್ಲೇ ಬಿಟ್ಟು, ಕೊಯ್ದ ರಾಗಿಹೊಲದ ಬದುವಿನ ಮೇಲೆ ನಡೆದು ಬಂದು ಮುಂಬಾಗಿಲಿನಿಂದ ಒಳಸೇರಿದ. ಚಿತ್ರಮಂದಿರದ ಕಿಟಕಿಗೆ ಬೆಳಕು ನುಸುಳದಂತೆ ಕಪ್ಪು ಪರದೆ ಹಾಕಿತ್ತು. ಅದರ ಅಂಚನ್ನು ಎರಡು ಬೆರಳಿನಷ್ಟು ಸರಿಸಿ ಕಾದು ಕುಳಿತ. ಗೋಡೆಗೊರಗಿಸಿದ ದೊಣ್ಣೆಯೊಂದು ಕೈಗೆಟುಕುವಂತಿತ್ತು.

ಹನ್ನೆರಡೂವರೆಯ ಹೊತ್ತಿಗೆ ಕತ್ತಾಳೆಯ ಸಂದಿನಲ್ಲಿ ಸದ್ದಾಯಿತು.

ಬಂದವನು ಲೋಕೇಶನೇ. ತಲೆಗೆ ಟವೆಲು ಸುತ್ತಿದ್ದ. ಎರಡೂ ಕೈಯಲ್ಲಿ ತುಂಬಿದ ಬಿಂದಿಗೆ. ರವೀಂದ್ರನ ಕೈ ದೊಣ್ಣೆಯನ್ನು ಹುಡುಕಿತು. ಲೋಕೇಶ ಚಪ್ಪಡಿಯನ್ನು ಸರಿಸಿದ. ನೀರನ್ನು ಒಮ್ಮೆಲೇ ಸುರಿಯಲಿಲ್ಲ. ಹಾಗೆ ಸುರಿದರೆ ಇದ್ದಿಲು ಮೇಲೇಳುತ್ತದೆಯೆಂದು ದಾಸಯ್ಯ ಹೇಳಿಕೊಟ್ಟಿದ್ದನ್ನು ನೆನಪಿಟ್ಟುಕೊಂಡವನಂತೆ, ಸಣ್ಣಗೆ, ಪೈಪಿನ ಸುತ್ತ ಬಳಸಿ ಬಳಸಿ ಹುಯ್ದ. ಎರಡನೆಯ ಬಿಂದಿಗೆ ಮುಗಿದ ಮೇಲೆ ಬಗ್ಗಿ, ಒದ್ದೆ ಮಣ್ಣಿನ ಮೇಲೆ ಅಂಗೈಯೂರಿ, ಹಾಗೇ ಸ್ವಲ್ಪ ಹೊತ್ತು ಕುಳಿತ. ನಂತರ ತಲೆಯೆತ್ತಿ ಕಿಟಕಿಯತ್ತ ನೋಡಿದ.

ರವೀಂದ್ರ ಹಿಂದಕ್ಕೆ ಸರಿದ. ಪರದೆ ಅಲುಗಿತೋ ಏನೋ. ಲೋಕೇಶ ಖಾಲಿ ಬಿಂದಿಗೆಗಳನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ಹೊರಟುಹೋದ.

ಬಾಗಿಲು ತೆಗೆದು ಒಂದು ಮಾತು ಕರೆಯಬಹುದಿತ್ತು. ಚಿಲಕದವರೆಗೆ ಹೋದ ಕೈ ಅಲ್ಲಿಯೇ ನಿಂತಿತು. ಸಿಕ್ಕಿಬಿದ್ದೆನೆಂಬ ನಾಚಿಕೆಗೆ ನಾಳೆಯಿಂದ ಅವನು ಬಾರದೇ ಹೋದರೆ? ಎರಡು ವರ್ಷಗಳಲ್ಲಿ ರವೀಂದ್ರನ ಹಿತ್ತಿಲಿಗೆ ತಾನಾಗಿ ಕಾಲಿಟ್ಟ ಮನುಷ್ಯ ಅವನೊಬ್ಬನೇ.

ರವೀಂದ್ರ ಗುಂಡಿಗೆ ನೀರು ಹಾಕುವುದನ್ನು ನಿಲ್ಲಿಸಿಬಿಟ್ಟ.

ಮುಂದಿನ ದಿನಗಳಲ್ಲಿ ಆ ಹಸಿರು ದೀಪಕ್ಕೆ ಬೇರೆಯೇ ಅರ್ಥ ಬಂತು. ಡೇರಿಯಿಂದ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಅದನ್ನು ನೋಡುತ್ತಿದ್ದ. ಉರಿಯುತ್ತಿದೆ, ಅಂದರೆ ಲೋಕೇಶ ಬಂದಿದ್ದ. ರಜೆಯ ದಿನಗಳಲ್ಲಿ ಕಿಟಕಿಯ ಪರದೆಯ ಹಿಂದೆ ಕುಳಿತು ಕಾಯುತ್ತಿದ್ದ. ಸಂಜೆಗಳಲ್ಲಿ ಸ್ಪೀಕರಿನ ದನಿಯನ್ನು ಒಂದೆರಡು ಗೆರೆ ಹೆಚ್ಚಿಸಿಡುತ್ತಿದ್ದ. ಪಕ್ಕದ ಮನೆಗೆ ಕೇಳಿಸಲೆಂದು ಹಾಗೆ ಮಾಡುತ್ತಿದ್ದೇನೆಂದು ತನ್ನೊಳಗೂ ಒಪ್ಪಿಕೊಳ್ಳಲಿಲ್ಲ. ಹೀಗೆ ಇಪ್ಪತ್ತು ದಿನ ಕಳೆಯಿತು.

ಇಪ್ಪತ್ತೊಂದನೆಯ ದಿನ ಲೋಕೇಶನ ಹಾಲು ಡೇರಿಗೆ ಬರಲಿಲ್ಲ. ಆಮೇಲೆ ಮೂರು ದಿನ ಹಾಗೆಯೇ. ಮೂರನೆಯ ದಿನ ದೀಪ ಮಿಣುಕತೊಡಗಿತು. ನಾಲ್ಕನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಬಂದು ನೋಡಿದರೆ ಆರಿತ್ತು.

ಆದಿಚುಂಚನಗಿರಿಯ ದಿಕ್ಕಿನಲ್ಲಿ ಕಾರ್ಮೋಡ ಕಟ್ಟಿತ್ತು. ಗಾಳಿಯಲ್ಲಿ ಒದ್ದೆ ಮಣ್ಣಿನ ವಾಸನೆ. ರವೀಂದ್ರನಿಗೆ ಮಾಡಬೇಕಾದದ್ದೇನೆಂದು ಸ್ಪಷ್ಟವಾಗಿ ಗೊತ್ತಿತ್ತು. ಪ್ಲಗ್ಗು ಕೀಳಬೇಕು, ಇಲ್ಲವೇ ಎರಡು ಬಿಂದಿಗೆ ನೀರು ತಂದು ಹುಯ್ಯಬೇಕು. ನಲ್ಲಿಯ ಬಳಿ ಬಿಂದಿಗೆ ಹಿಡಿದವನಿಗೆ ಬೇಲಿಯಾಚೆ ಕರು ಒಂದೇ ಸಮನೆ ಕೂಗುತ್ತಿರುವುದು ಕೇಳಿಸಿತು.

ಹಾಲು ಬಂದಿಲ್ಲ. ನೀರು ಬಂದಿಲ್ಲ. ಕರು ಕೂಗುತ್ತಿದೆ.

ಕಂಡೆನ್ಸರ್. ಮೋಟಾರು ನಿಲ್ಲಿಸಿದ ಮೇಲೂ ಅದರ ಹೊಟ್ಟೆಯಲ್ಲಿ ವಿದ್ಯುತ್ತು ಕಾದು ಕುಳಿತಿರುತ್ತದೆ, ಬರಿಗೈಯಲ್ಲಿ ಮುಟ್ಟಿದವನನ್ನು ಬಿಡುವುದಿಲ್ಲ. ಬಿಂದಿಗೆಯನ್ನು ನಲ್ಲಿಯ ಕೆಳಗೇ ಬಿಟ್ಟು ರವೀಂದ್ರ ಕತ್ತಾಳೆಯ ಸಂದಿನಲ್ಲಿ ನುಗ್ಗಿದ. ಮುಳ್ಳು ತೋಳನ್ನು ಗೀರಿತು. ಮೊದಲು ಹೊಲದ ಪಂಪ್‌ಹೌಸಿಗೆ ಓಡಿದ. ಬಾಗಿಲು ತಳ್ಳಿದ. ಒಳಗೆ ಯಾರೂ ಇರಲಿಲ್ಲ. ಮೋಟಾರಿನ ಪಕ್ಕದ ಗೋಡೆಯಲ್ಲಿ ಕಂಡೆನ್ಸರ್ ಕಟ್ಟುತ್ತಿದ್ದ ಮೊಳೆ ಬರಿದಾಗಿತ್ತು, ತುಕ್ಕು ಹಿಡಿದಿತ್ತು.

ಅಲ್ಲಿಂದ ಏದುಸಿರು ಬಿಡುತ್ತಾ ಮನೆಯ ಮುಂದೆ ಬಂದ. ಲೋಕೇಶ ಜಗಲಿಯ ಮೇಲೆ ಕುಳಿತು, ಕಲ್ಲಿನಿಂದ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದ.

"ಸತ್ತೋಗಿವ್ನಾ ಅಂತ ನೋಡಕ್ ಬಂದ್ಯಾ?" ತಲೆಯೆತ್ತದೆ ಕೇಳಿದ.

"ಹಾಲು ತರ್ನಿಲ್ಲ ನೀನು."

"ಹೊಣಕೆರೆ ಹೋಟ್ಲಿಗೆ ಆಕ್ತಾ ಇವ್ನಿ. ಅಲ್ಲಿ ಮುಖ ನೋಡಿ ಮಾತಾಡ್ತಾರೆ."

"ಕರ ಕೂಗ್ತಿತ್ತು."

"ಹಾಲು ಬುಡ್ಸಿವ್ನಿ ಅದುಕ್ಕೆ. ಕೂಗ್ದೆ ಇನ್ನೇನ್ ಹಾಡು ಹೇಳ್ತದಾ?"

ರವೀಂದ್ರ ಜಗಲಿಯ ಕೆಳಗೇ ನಿಂತಿದ್ದ. "ಗುಂಡೀಗೆ ನೀರು..." ಎಂದ.

ಲೋಕೇಶ ಕಲ್ಲನ್ನು ಕೆಳಗಿಟ್ಟ. "ನೀನು ಊರಿಂದ ಬಂದ ಮಾರ್ನೆ ದಿನವೇ ಪರದೆ ಅಳ್ಳಾಡಿದ್ದು ಕಂಡೆ ಕಣ್ಲಾ. ನೋಡ್ತಾವ್ನೆ, ಇವತ್ತು ಬಾಗ್ಲು ತಗೀತಾನೆ ಅನ್ಕಂಡೆ. ತಗೀನಿಲ್ಲ. ನಾಳೆ ಅನ್ಕಂಡೆ. ಇಪ್ಪತ್ತು ದಿನ ಹೊತ್ತೆ. ನೀನು ನೀರು ಉಯ್ಯೋದ್ನೂ ಬುಟ್ಬುಟ್ಟೆ. ಪುಕ್ಸಟ್ಟೆ ಆಳು ಸಿಕ್ದ ಅಂತ್ಲಾ?"

"ಬಾಗ್ಲು ತಗುದ್ರೆ ನೀನು ಬರಕ್ಕಿಲ್ಲ ಅನ್ಕಂಡೆ."

"ಅದ್ನೂ ನೀನೇ ತೀರ್ಮಾನ ಮಾಡ್ಬುಟ್ಯಾ."

ದೂರದಲ್ಲಿ ಗುಡುಗಿತು. ಕರು ಸುಮ್ಮನಾಯಿತು.

"ಲೈನ್‌ಮನ್ನಿಗೆ ನಿನ್ನೆಸ್ರು ಏಳ್ಬಾರ್ದಿತ್ತು," ರವೀಂದ್ರ ಹೇಳಿದ.

"ಅದು ಬುಡು. ಕಂಡೆನ್ಸರ್ ಕಟ್ಟಿದ್ದು ನಂದೇ ತಪ್ಪು. ಸುಟ್ಟಿದ್ದೂ ನನ್ನಿಂದ್ಲೇ. ನೀರು ಉಯ್ದಿದ್ದು ಅದುಕ್ಕೇ, ನೀನು ಊರಲ್ಲಿಲ್ಲ, ಇನ್ನೊಂದ್ಸಲ ಸುಡೋದು ಬ್ಯಾಡ ಅಂತ." ಲೋಕೇಶ ಒಂದು ಹುಣಸೆ ಬೀಜವನ್ನು ಬೆರಳುಗಳ ನಡುವೆ ತಿರುಗಿಸಿದ. "ನಾಕು ವರ್ಸ ನಿನ್ ಮನೇಲಿ ಗೋಣಿಚೀಲದ ಮ್ಯಾಲೆ ಕುಂತ್ಕಂಡಿದ್ದೆ ಕಣ್ಲಾ. ಪಕ್ದಲ್ಲಿ ಕುರ್ಚಿ ಖಾಲಿ ಇತ್ತು. ಯಾವಳೋ ಬರ್ತಾಳೆ ಅಂತ ನೀನು ಪ್ಲಾಸ್ಟಿಕ್ ಹಾಕಿ ಇಟ್ಕಂಡಿದ್ದೆ. ನಾನು ಬಂದೇ ಇದ್ನಲ್ಲ."

ರವೀಂದ್ರ ತೋಳಿನ ಮೇಲೆ ಮುಳ್ಳು ಗೀರಿದ ಜಾಗವನ್ನು ಒರೆಸಿಕೊಂಡ.

ಈ ಬಾರಿ ಮಿಂಚು ಊರಿನ ನೆತ್ತಿಯ ಮೇಲೆಯೇ ಬಿಚ್ಚಿಕೊಂಡಿತು. ಲೋಕೇಶ ಆಕಾಶವನ್ನು ನೋಡಿ, ಅವನನ್ನು ನೋಡಿದ. "ಪ್ಲಗ್ಗು ಕಿತ್ತು ಬಂದ್ಯಾ?"

"ಇಲ್ಲ."

"ಗುಂಡಿ ಒಣಗದೆ. ಓಡ್ಲಾ ಲೇ."

ಇಪ್ಪತ್ತು ಮಾರು ದೂರದ ಮನೆ. ಓಡಿದ್ದರೆ ಮುಟ್ಟಬಹುದಿತ್ತು. ಎರಡು ವರ್ಷಗಳ ಮೇಲೆ ತನ್ನ ಮುಖ ನೋಡಿ ಮಾತಾಡುತ್ತಿರುವವನಿಗೆ ಬೆನ್ನು ತಿರುಗಿಸಲು ರವೀಂದ್ರನ ಕಾಲು ಒಪ್ಪಲಿಲ್ಲ. ಅವನು ಅಲ್ಲಿಯೇ ನಿಂತ. ಟ್ರಾನ್ಸ್‌ಫಾರ್ಮರಿನ ಕಡೆಯಿಂದ ಬಂಡೆ ಸೀಳಿದಂಥ ಸದ್ದು ಬಂತು. ಅದರ ಬೆನ್ನಿಗೆ ಊರಿನ ಫ್ಯಾನು, ಟಿವಿ, ಹಿಟ್ಟಿನ ಗಿರಣಿಗಳೆಲ್ಲ ಒಟ್ಟಿಗೆ ನಿಂತ ನಿಶ್ಶಬ್ದ ಆವರಿಸಿತು.

"ಓಯ್ತು ಅಂತ ಕಾಣ್ತದೆ," ಲೋಕೇಶ ಮೆಲ್ಲಗೆ ಹೇಳಿದ. ಆಮೇಲೆ ಮತ್ತೆ ಕಲ್ಲನ್ನೆತ್ತಿಕೊಂಡ. ಕೂರು ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಮಳೆ ಶುರುವಾದಾಗ ರವೀಂದ್ರ ಒಬ್ಬನೇ ಹಿಂದಿರುಗಿದ. ಬಾಗಿಲಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಮೊದಲೆರಡು ಸಲ ಬಂದಿದ್ದ ಅದೇ ಸುಟ್ಟ ವಾಸನೆ. ಟಾರ್ಚು ಹಿಡಿದು ಆಂಪ್ಲಿಫೈಯರನ್ನು ನೋಡಲು ಹೋಗಲಿಲ್ಲ. ಅಡುಗೆಮನೆಯಿಂದ ಈಳಿಗೆಮಣೆಯ ಪಕ್ಕದಲ್ಲಿದ್ದ ಚಾಕುವನ್ನು ತಂದ. ಎರಡನೆಯ ಕುರ್ಚಿಯ ಪ್ಲಾಸ್ಟಿಕ್ಕನ್ನು ಹೊಲಿಗೆಯ ಗುಂಟ ಸೀಳಿದ. ಆರು ವರ್ಷದ ಸೆಕೆಗೆ ಅದು ಅಲ್ಲಲ್ಲಿ ಅಂಟಿಕೊಂಡಿತ್ತು. ಎಳೆದಾಗ ಖಾಲಿ ಮನೆಯಲ್ಲಿ ಭಯವಾಗುವಷ್ಟು ಸದ್ದಾಯಿತು.

ಹಿತ್ತಿಲ ಬಾಗಿಲಿನ ಚಿಲಕ ತೆಗೆದು, ಕದಗಳೆರಡನ್ನೂ ಗೋಡೆಯವರೆಗೆ ತೆರೆದಿಟ್ಟ. ಸೂರಿನ ನೀರು ಗುಂಡಿಗೆ ಧಾರೆಯಾಗಿ ಬೀಳುತ್ತಿತ್ತು. ಈಗ ಅದರಿಂದ ಪ್ರಯೋಜನವಿರಲಿಲ್ಲ. ತನ್ನ ಕುರ್ಚಿಯಲ್ಲಿ ಕುಳಿತು, ಕರೆಂಟಿಲ್ಲದ ಕೋಣೆಯಲ್ಲಿ ಬಿಳಿಯ ಪರದೆಯನ್ನು ನೋಡತೊಡಗಿದ.

ಮಳೆಯ ನಡುವೆ ಬೇಲಿಯಾಚೆಯಿಂದ ಹುಣಸೆಹಣ್ಣು ಕುಟ್ಟುವ ಸದ್ದು ಕೇಳಿಸುತ್ತಿತ್ತು. ಟಕ್, ಟಕ್, ಟಕ್. ಅವನು ಅದನ್ನೇ ಆಲಿಸುತ್ತಾ ಕುಳಿತ.

ಬಹಳ ಹೊತ್ತಿನ ಮೇಲೆ ಅದು ನಿಂತಿತು. ಕೆಲಸ ಮುಗಿಯಿತೆಂದು ನಿಂತಿತೋ, ಕುಟ್ಟುತ್ತಿದ್ದವನು ಎದ್ದನೆಂದು ನಿಂತಿತೋ, ಮಳೆಯ ಸದ್ದಿನಲ್ಲಿ ತಿಳಿಯಲಿಲ್ಲ.