ಉಪದೇಶಿ ಮೇಷ್ಟ್ರ ಮೊದಲ ಪ್ರಶ್ನೆ

ಅಜ್ಜ ಮೂರು ಭಾನುವಾರಗಳಿಂದ ಪರಮಪ್ರಸಾದ ಸ್ವೀಕರಿಸಿರಲಿಲ್ಲ. ಅವರ ಕಾಲು ಸೋತ ಮೇಲೆ ಫಾದರ್ ಚರ್ಚಿನಲ್ಲಿ ಪೂಜೆ ಮುಗಿಸಿ ತಾವೇ ಮನೆಗೆ ತರುತ್ತಿದ್ದರು. ಅಜ್ಜ ಮಾತ್ರ ತುಟಿ ಬಿಗಿದುಕೊಂಡು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಇದು ವಯಸ್ಸಿನ ಹಠ ಎಂದು ಅಮ್ಮನ ತೀರ್ಮಾನ. ನಿಜವಾದ ಕಾರಣ ನನಗೊಬ್ಬಳಿಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ನಾನು ಹೇಳಬೇಕಾದದ್ದೆಲ್ಲ ಹೆಚ್ಚಾಗಿ ಡೈರಿಗೇ ಹೋಗುತ್ತದೆ.

ಅಜ್ಜ ನಲವತ್ತು ವರ್ಷ ಚರ್ಚಿನ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಟ್ಟವರು. ಊರಿಗೆಲ್ಲ ಅವರು ಉಪದೇಶಿ ಮೇಷ್ಟ್ರು. ಮೊದಲ ಪಾಠದ ಮೊದಲ ಪ್ರಶ್ನೆ: ದೇವರು ನಿನ್ನನ್ನು ಏತಕ್ಕಾಗಿ ಸೃಷ್ಟಿಸಿದರು? ಉತ್ತರ ಒಪ್ಪಿಸಲು ಬಾರದವರಿಗೆ ಮೊದಲ ಪ್ರಸಾದ ಮುಂದಿನ ವರ್ಷಕ್ಕೆ. ಬಿಳಿ ಉಡುಪು ಹೊಲಿಸಿಯಾಗಿದೆ ಎಂದು ತಾಯಂದಿರು ಗೋಗರೆದರೂ ಅವರು ಜಗ್ಗುತ್ತಿರಲಿಲ್ಲ. ಈಗ ಆ ಉತ್ತರ ಅಜ್ಜನ ತಲೆಯಿಂದಲೇ ಜಾರಿಹೋಗಿತ್ತು.

ನಾನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಓದಿದರು, ಕಣ್ಣು ಮುಚ್ಚಿ ತೆರೆದರು. ಮತ್ತೆ ಖಾಲಿ.

“ನೋಡ್ಕೊಂಡೇ ಓದಿ ಅಜ್ಜ.”

“ಕಾಪಿ ಹೊಡಿ ಅಂತೀಯಾ? ಸಾಯೋ ಕಾಲಕ್ಕೆ?” ಅವರು ಚೀಟಿಯನ್ನು ಮಡಿಚಿ ನನ್ನ ಕೈಗೇ ತುರುಕಿದರು. “ನಾಳೆ ದೇವರ ಮುಂದೆ ನಿಂತಾಗ ಮೊದಲು ಇದನ್ನೇ ಕೇಳ್ತಾರೆ ಮಗಾ. ಊರಿಗೆಲ್ಲ ಕಲಿಸಿದವನು ಏನಂತ ಬಾಯಿ ಬಿಡಲಿ?”

ನಾಲ್ಕನೆಯ ಭಾನುವಾರ ಬೆಳಿಗ್ಗೆ, ಮೊದಲ ಪೂಜೆ ಮುಗಿಸಿಕೊಂಡು, ಕಟಿಂಗ್ ಅಂಗಡಿಯ ಮಾಮ ಅಜ್ಜನಿಗೆ ಕ್ಷೌರ ಮಾಡಲು ಬಂದರು. ಚಿಕ್ಕಂದಿನಲ್ಲಿ ಅಜ್ಜನ ಪಾಠದ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗಿ ‘ತೂಕಡಿಕೆ’ ಎಂಬ ಹೆಸರು ಗಳಿಸಿದವರು. ಐವತ್ತೈದು ದಾಟಿದರೂ ಆ ಹೆಸರು ಅವರನ್ನು ಬಿಟ್ಟಿಲ್ಲ. ಕಿಟಕಿಯ ಪಕ್ಕ ಕುರ್ಚಿ ಹಾಕಿ, ಅಜ್ಜನ ಕೊರಳಿಗೆ ಟವೆಲ್ ಸುತ್ತಿ, ಬ್ರಶ್ಶಿನಿಂದ ನೊರೆ ಬಳಿದರು. ಎಡಗೆನ್ನೆ ಮುಗಿಯುತ್ತಲೇ ಅಜ್ಜ ಅವರ ಕೈ ಹಿಡಿದುಕೊಂಡರು.

“ಲೋ ತೂಕಡಿಕೆ, ದೇವರು ನಿನ್ನನ್ನ ಯಾಕೋ ಸೃಷ್ಟಿಸಿದ್ರು?”

“ಅಯ್ಯೋ ಮೇಷ್ಟ್ರೇ, ಎರಡು ವರ್ಷ ಫೇಲ್ ಮಾಡಿದ್ದು ಸಾಲದಾ? ಕೈ ಬಿಡಿ, ಕತ್ತಿ ಹರಿತ ಇದೆ.”

“ಹೇಳೋ.”

“ಮೂರನೇ ವರ್ಷ ಹೇಗೋ ಗಿಳಿ ಥರ ಒಪ್ಪಿಸಿದೆ. ಚರ್ಚಿನ ಮೆಟ್ಟಿಲು ಇಳಿಯೋ ಅಷ್ಟರಲ್ಲಿ ಮರೆತೂ ಹೋಯ್ತು.”

“ಮತ್ತೆ ವಾರ ವಾರ ಯಾವ ಮುಖ ಹೊತ್ಕೊಂಡು ಪ್ರಸಾದ ತಗೋತೀಯ?”

ಮಾಮ ನಕ್ಕು ತಪ್ಪಿಸಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಕೈ ಬಿಡಿಸಿಕೊಂಡು ಕತ್ತಿ ಒರೆಸಿ ಮಡಿಚಿದರು.

“ಹೇಗೆ ಹೇಳಲಿ ಮೇಷ್ಟ್ರೇ. ಅಂಗಡಿ ಚೆನ್ನಾಗಿ ನಡೀತಿದೆ. ಮಗಳ ಮದುವೆ ಆಯ್ತು, ಮೊಮ್ಮಗು ಮೀಸೆ ಎಳೆಯುತ್ತೆ. ಏನೂ ಕಡಿಮೆ ಇಲ್ಲ. ಆದ್ರೂ ಕೊನೇ ಗಿರಾಕಿ ಎದ್ದು ಹೋದ ಮೇಲೆ ಕೂದಲು ಗುಡಿಸ್ತಾ ಬಾಗಿಲ ಕಡೆ ನೋಡ್ತೀನಿ. ಯಾರೋ ಬರಬೇಕಿತ್ತು, ಇನ್ನೂ ಬಂದಿಲ್ಲ ಅನ್ನೋ ಹಾಗೆ. ಹೆಂಡ್ತಿ ಬಂದ್ರೂ ಅದು ಹೋಗಲ್ಲ. ಅವಳ ಹತ್ರ ಹೇಳಿಬಿಟ್ಟೀರಿ ಮತ್ತೆ! ಪ್ರಸಾದ ತಗೊಂಡಾಗ ಮಾತ್ರ ದೇವರೇ ಒಳಗೆ ಬಂದ ಹಾಗಾಗಿ, ಹಾಂ, ಇವರಿಗೇ ಕಾಯ್ತಿದ್ದೆ ಅನ್ಸುತ್ತೆ. ಉತ್ತರ ಗೊತ್ತಿಲ್ಲ ಮೇಷ್ಟ್ರೇ. ಅವರು ಬೇಕು, ಅಷ್ಟೇ.”

ಅಜ್ಜ ನನ್ನ ಕಡೆ ತಿರುಗಿದರು. ಬಲಗೆನ್ನೆಯ ನೊರೆ ಒಣಗತೊಡಗಿತ್ತು.

“ನಿನ್ನ ಚೀಟಿ ನೋಡು ಮಗಾ,” ಎಂದರು ನನಗೆ. “ಇವನು ಹೇಳಿದ್ದು ಅದೇನಾ?”

ನಾನು ನೋಡಬೇಕಾಗಿರಲಿಲ್ಲ. ದೇವರು ನನ್ನನ್ನು ತಮಗಾಗಿಯೇ ಸೃಷ್ಟಿಸಿದರು, ನಾನು ಕೊನೆಗೆ ತಮ್ಮನ್ನು ಸೇರಿ ತಮ್ಮಲ್ಲೇ ಸುಖವಾಗಿರಲೆಂದು. ಏಳನೆಯ ವಯಸ್ಸಿನಿಂದ ನನಗದು ಬಾಯಿಪಾಠ. ಪರೀಕ್ಷೆಯ ಹೆದರಿಕೆಯಲ್ಲಿ ಕಲಿತ ಆ ಸಾಲನ್ನು ಒಬ್ಬ ಮನುಷ್ಯ ಹೀಗೆ ಆಸೆಪಟ್ಟು ಹೇಳಬಹುದೆಂದು ನನಗೆ ತೋಚಿಯೇ ಇರಲಿಲ್ಲ.

“ಅದೇ ಅಜ್ಜ.”

“ಹಾಗಾದ್ರೆ ಪಾಸು ಕಣೋ.”

“ಅಬ್ಬ! ನಮ್ಮಮ್ಮ ಇರಬೇಕಿತ್ತು,” ಎಂದರು ಮಾಮ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. “ಅಯ್ಯೋ, ಅರ್ಧ ಮುಖ!” ಎಂದು ಅಮ್ಮ ಟವೆಲ್ ಎಳೆಯಲು ಓಡಿಬಂದಳು. ಪ್ರಸಾದದ ಪುಟ್ಟ ಡಬ್ಬಿಯನ್ನು ಎದೆಗೊತ್ತಿಕೊಂಡು ಫಾದರ್ ಹೊಸ್ತಿಲಲ್ಲೇ ನಿಂತರು. ಈ ಊರಿಗೆ ಬಂದು ಇನ್ನೂ ವರ್ಷವಾಗದ ಹುಡುಗುಮುಖದವರು.

“ಇವತ್ತೂ ಬೇಡವಾ ಮೇಷ್ಟ್ರೇ?”

“ಫಾದರ್, ನಂಗೆ ಉತ್ತರ ಬರಲ್ಲ.” ಅಜ್ಜ ಕುರ್ಚಿಯ ತೋಳು ಹಿಡಿದು ಮುಂದೆ ಬಾಗಿದರು. “ಆದ್ರೆ ಅವರು ಬೇಕು.”

ಯಾವ ಉತ್ತರವೆಂದು ತಿಳಿಯದೆ ಫಾದರ್ ಅಮ್ಮನನ್ನು ನೋಡಿದರು, ಅಮ್ಮ ಮಾಮನನ್ನು ನೋಡಿದಳು. ಮಾಮ ಗದ್ದದಿಂದಲೇ ನನ್ನನ್ನು ತೋರಿಸಿದರು. ಅಜ್ಜನೂ ನನ್ನನ್ನೇ ನೋಡುತ್ತಿದ್ದರು, ಫಲಿತಾಂಶದ ಹಲಗೆಯ ಮುಂದೆ ನಿಂತ ಮಗುವಿನ ಹಾಗೆ.

“ಅಜ್ಜ ಪಾಸಾದ್ರು ಫಾದರ್,” ಎಂದೆ. “ಕೊಡಿ.”

ನನ್ನ ದನಿ ಬೀದಿಗೆ ಕೇಳಿಸಿರಬೇಕು. ಫಾದರ್ ಒಳಗೆ ಬಂದು ಮಂಡಿಯೂರಿದರು. ಅಜ್ಜ ಬಾಯಿ ತೆರೆದರು.

ಪ್ರಸಾದ ಕರಗುವವರೆಗೂ ಅವರು ಕಣ್ಣು ಮುಚ್ಚಿಕೊಂಡಿದ್ದರು. ಹುಬ್ಬಿನ ಗಂಟು ಬಿಚ್ಚಿಕೊಂಡಿತ್ತು. ಫಾದರ್ ಹೋದ ಮೇಲೆ ಮಾಮ ಬಿಸಿನೀರು ಕೇಳಿದರು.

“ಇನ್ನು ದೇವರು ಆ ಪ್ರಶ್ನೆ ಕೇಳಿದ್ರೆ ಕೇಳ್ಲಿ ಬಿಡು,” ಎಂದು ಅಜ್ಜ ಯಾರಿಗೂ ಅಲ್ಲವೆಂಬಂತೆ ಹೇಳಿ, ಕತ್ತು ಹಿಂದಕ್ಕೆ ಚಾಚಿ, ಉಳಿದ ಕೆನ್ನೆಯನ್ನು ಮಾಮನಿಗೆ ಒಪ್ಪಿಸಿದರು.