ಖಾಸಿಂಸಾಬರು ತಂದ ಎರಡು ಕಾಲು

ಇಲಕಲ್ಲಿನ ಖಾಸಿಂಸಾಬರು ಐವತ್ತು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದವರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತರೆ, ಜಗತ್ತಿನ ಎತ್ತರವನ್ನೆಲ್ಲ ಅಲ್ಲಿಂದಲೇ ಅಳೆಯುತ್ತಿದ್ದರು.

ಸೊಸೆ ಮುಬಶೀರಾ ಶಾಲೆಯ ಶಿಕ್ಷಕಿ. ಕಾಲೇಜಿನಲ್ಲಿ ಕಲಿತ ಗುರಿ ಹೊಡೆಯುವ ಆಟವನ್ನು ಎರಡು ಮಕ್ಕಳಾದ ಮೇಲೆ ಮತ್ತೆ ಹಿಡಿದಿದ್ದಳು. ಭಾನುವಾರ ಬಾಗಲಕೋಟೆಯಲ್ಲಿ ಸ್ಪರ್ಧೆ. ಮೊದಲ ನಾಲ್ವರು ರಾಜ್ಯದ ಪಂದ್ಯಕ್ಕೆ. ಅಷ್ಟರಲ್ಲಿ ಅವಳ ಬೈಪಾಡ್, ಅಂದರೆ ಬಂದೂಕಿನ ಮೂತಿಯ ಕೆಳಗೆ ಕಟ್ಟುವ ಎರಡು ಕಾಲಿನ ಸ್ಟ್ಯಾಂಡು, ಒಂದು ಕಾಲು ಮುರಿದುಕೊಂಡಿತು.

ಅವಳು ಬಂದೂಕು ಹಿಡಿಯುತ್ತೇನೆ ಎಂದಾಗ ಮೂರು ದಿನ ಮಾತು ಬಿಟ್ಟಿದ್ದ ಮಾವ ಈಗ ತಾವಾಗಿಯೇ ಹೇಳಿದರು: "ಸೀರಿ ಕೊಡಾಕ ಬಾಗಲಕೋಟಿಗೆ ಹೊಂಟೇನಿ. ನಾನೇ ತರ್ತೇನಿ."

"ಟ್ವೆಂಟಿಟೂ ರೈಫಲ್ಲಿಗೆ ಅಂತ ಹೇಳ್ರಿ ಮಾವಾರ, ಸಾಕು," ಅಂದಳು ಮುಬಶೀರಾ. ಸೊಸೆ ಗುರಿ ಹೊಡೆಯುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ ಎನ್ನುವುದು ಇಬ್ಬರಿಗೂ ನೆನಪಾಗಲಿಲ್ಲ.

ಬಾಗಲಕೋಟೆಯ ಆಟದ ಸಾಮಾನಿನ ಅಂಗಡಿಯ ಸುನಂದಾ ಎರಡು ಬೈಪಾಡ್ ತೆಗೆದಿಟ್ಟಳು, ಒಂದು ಗಿಡ್ಡ, ಒಂದು ಉದ್ದ.

"ಕುಂತು ಹೊಡಿತಾರೋ, ಮಕ್ಕೊಂಡು ಹೊಡಿತಾರೋ ಕಾಕಾರ?"

ಖಾಸಿಂಸಾಬರ ಮುಖ ಬಿಗಿಯಿತು. "ಮಕ್ಕೊಂಡು ಕೆಲಸಾ ಮಾಡೋ ಮಂದಿ ನಮ್ಮ ಮನ್ಯಾಗ ಯಾರೂ ಇಲ್ಲವಾ."

"ಒಂದ್ಸಲ ಫೋನ್ ಹಚ್ಚಿ ಕೇಳ್ರಿ."

"ಅಳತಿ ನನಗ ಗೊತ್ತೈತಿ."

ಅವರು ಅಂಗಡಿಯ ಹೊಸ್ತಿಲ ಮೇಲೆ ಕುಳಿತು, ಕಾಲನ್ನು ರಸ್ತೆಯ ಕಡೆ ಮೆಟ್ಟಿಲಿಗೆ ಇಳಿಬಿಟ್ಟರು. ಪಕ್ಕದ ಕಟ್ಟೆಯ ಮೇಲೆ ಬೈಪಾಡ್ ನಿಲ್ಲಿಸಿ, ಅದರ ಮೇಲೆ ಛತ್ರಿ ಇಟ್ಟು, ಸೊಂಟ ತಿರುಗಿಸಿ ಒಂದು ಕಣ್ಣು ಮುಚ್ಚಿದರು. ಎದುರಿನ ಪಾನ್ ಅಂಗಡಿಯವನು ಸರಕ್ಕನೆ ಒಳಗೆ ಸರಿದ. ಸುನಂದಾ ನಗಲಿಲ್ಲ. ಬಂದ ಗಿರಾಕಿಗಳನ್ನು ಆಚೆ ಬಾಗಿಲಿಗೆ ಕಳಿಸಿದಳು, ಮುದುಕರಿಗೆ ಒಂದು ಲೋಟ ನೀರು ತಂದಿಟ್ಟಳು. ಗಿಡ್ಡದ್ದು ಹೊಟ್ಟೆಯ ಮಟ್ಟಕ್ಕೇ ನಿಂತಿತು. ಉದ್ದದ್ದನ್ನೇ ತೆಗೆದುಕೊಂಡು, ಬಿಲ್ಲಿನಲ್ಲಿ ತಮ್ಮ ಹೆಸರು ಬರೆಸಿದರು.

ಭಾನುವಾರ ಮೈದಾನದಲ್ಲಿ ಎಲ್ಲರೂ ಸಿಮೆಂಟು ನೆಲದ ಮೇಲೆ ಬೋರಲು ಮಲಗಿದ್ದನ್ನು ಕಂಡಾಗಲೇ ಖಾಸಿಂಸಾಬರಿಗೆ ತಮ್ಮ ಅಳತೆ ತಪ್ಪಿದ್ದು ತಿಳಿಯಿತು. ಮುಬಶೀರಾ ಅಲ್ಲೇ ಕಟ್ಟು ಬಿಚ್ಚಿ, ಬೈಪಾಡ್ ಜೋಡಿಸಿ, ಮಲಗಿ ನೋಡಿದರೆ ಬಂದೂಕು ಅವಳ ತಲೆಯ ಮೇಲಿತ್ತು.

ಪಕ್ಕದಲ್ಲಿದ್ದವನು ಚೊಳಚಗುಡ್ಡದ ಹುಲ್ಲಪ್ಪ, ಕುರಿ ಸಾಕುವವನು. "ಅಕ್ಕಾರ, ಹಕ್ಕಿ ಹೊಡಿಯಾಕ ಬಂದೀರೇನ್ರಿ?" ಅಂದ.

ಖಾಸಿಂಸಾಬರು ತಲೆ ತಗ್ಗಿಸಿದರು. ಮುಬಶೀರಾ ಹಿಂದೆ ತಿರುಗಿ, "ಕಾಲು ಭಾಳ ಗಟ್ಟಿ ಅದಾವ್ರಿ ಮಾವಾರ," ಅಂದಳು, ಅಷ್ಟೇ.

ಹುಲ್ಲಪ್ಪ ತನ್ನ ಕೆಳಗಿದ್ದ ಕಂಬಳಿಯನ್ನು ಎಳೆದು, ಮಡಚಿ ಅವಳ ಮೊಳಕೈ ಕೆಳಗೆ ತಳ್ಳಿದ. ಎದೆಗೆ ಆಧಾರ ಸಾಲಲಿಲ್ಲ. ಖಾಸಿಂಸಾಬರು ತಮ್ಮ ಶಾಲು ಕೊಟ್ಟರು. ಇನ್ನೂ ಎರಡು ಬೆರಳು ಕಡಿಮೆ. ಉಳಿದದ್ದು ಮಧ್ಯಾಹ್ನದ ಬುತ್ತಿ, ಒಣಗಿ ಗರಿಗರಿಯಾದ ಹನ್ನೆರಡು ಕಟಕ ರೊಟ್ಟಿಯ ಗಂಟು.

"ಎದಿ ಕೆಳಗ ರೊಟ್ಟಿ ನಡೀತೈತೇನ್ರಿ ಸರ?" ಎಂದು ಕೇಳಿದರು. ಮೇಲ್ವಿಚಾರಕರು ನಿಯಮದ ಪುಸ್ತಕವನ್ನು ಎರಡು ಸಲ ತಿರುವಿ, "ಬ್ಯಾಡ ಅಂತ ಎಲ್ಲೂ ಬರದಿಲ್ಲ," ಅಂದರು.

ಅವಳು ಉಸಿರಾಡಿದರೆ ರೊಟ್ಟಿ ಚಟಚಟ ಎನ್ನುತ್ತಿತ್ತು. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಪ್ರತಿ ಗುಂಡಿಗೂ ಉಸಿರು ಬಿಗಿಹಿಡಿದಳು. ಅಷ್ಟು ಅಲುಗಾಡದೆ ಅವಳು ಹಿಂದೆಂದೂ ಹೊಡೆದಿರಲಿಲ್ಲ. ಹುಲ್ಲಪ್ಪ ಮೂರನೆಯವನಾದ, ಮೊಳಕೈ ಎರಡೂ ತರಚಿದ್ದವು. ಮುಬಶೀರಾ ನಾಲ್ಕನೆಯವಳು.

ಮೂವರೂ ರೊಟ್ಟಿಯ ಪುಡಿಗೆ ಮೊಸರು ಕಲಸಿಕೊಂಡು ಚಮಚದಲ್ಲಿ ತಿಂದರು.

ಮರುದಿನ ಖಾಸಿಂಸಾಬರು ಸುನಂದಾಳ ಅಂಗಡಿಗೆ ಹೋಗಿ, ಒಳಗಿನ ನೆಲದ ಮೇಲೆ ಬೋರಲು ಮಲಗಿದರು.

"ಏಳ್ರಿ ಕಾಕಾರ, ಅಂಗಿ ಹೊಲಸ ಆಗ್ತೈತಿ," ಎಂದು ಅವಳು ಕಪಾಟು ತೆರೆದಳು. ಗಿಡ್ಡ ಬೈಪಾಡಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಆಗಲೇ ಅವರ ಹೆಸರಿತ್ತು.