ನಿಲುವಂಗಿಯ ಎಡತೋಳು

ಇಷ್ಟು ಹಗುರವಿರುತ್ತದೆ ಎಂದುಕೊಂಡಿರಲಿಲ್ಲ, ನ್ಯಾಯಾಧೀಶರ ಕಪ್ಪು ನಿಲುವಂಗಿ, ಮಡಿಕೆಯ ಗೆರೆ ಇನ್ನೂ ಹೋಗಿಲ್ಲ, ಹೆಗಲಿನ ಎರಡೂ ಕಡೆ ಹಿಡಿದು ಬರ್ನಡೆಟ್‌ಳ ಬೆನ್ನ ಹಿಂದೆ ನಿಂತಿದ್ದೇನೆ, ಆಮದು ವ್ಯಾಪಾರದ ಮೊಕದ್ದಮೆಗಳ ಈ ನ್ಯಾಯಾಲಯದಲ್ಲಿ, ನಾವಿಬ್ಬರೂ ವರ್ಷಗಟ್ಟಲೆ ಸರ್ಕಾರದ ಪರ ವಾದಿಸಿದ ಇದೇ ಕೋಣೆಯಲ್ಲಿ, ಪ್ರಮಾಣವಚನ ಮುಗಿಯಿತು, ಇನ್ನು ತೊಡಿಸುವುದೊಂದೇ ಬಾಕಿ — ಮನೆಯವರು ತೊಡಿಸಬೇಕು, ಗಂಡನೋ ಮಕ್ಕಳೋ, ಅವಳಿಗಿರುವುದು ಅಮ್ಮ ಒಬ್ಬಳೇ. ಅಮ್ಮನ ಕೈ ಮೇಲಕ್ಕೆ ಏಳಲ್ಲ ಕಣೆ ಶೆಲ್ಲಿ, ನೀನೇ ತೊಡಿಸು, ನಿನ್ನ ಬಿಟ್ರೆ ನಂಗ್ಯಾರಿದಾರೆ. ಮೊನ್ನೆ ಊಟದ ಹೊತ್ತಿಗೆ ಸ್ಯಾಂಡ್‌ವಿಚ್ ಅಗಿಯುತ್ತ ಹೀಗಂದಳು, ಉಪ್ಪು ಕೊಡು ಅನ್ನುವಷ್ಟು ಸಲೀಸಾಗಿ, ನಾನೂ ಅದಕ್ಕೇನು ಬಿಡೇ ಅಂದೆ, ಮುಖದ ಮೇಲೆ ನಗುವನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂದು ಯೋಚಿಸುತ್ತ.

ಈ ಪೀಠ ನನಗೆ ಬರಬೇಕಿತ್ತು, ಜೀವಮಾನದ ಪೀಠ, ಗೊಂಬೆಯ ಕೋಟಿನ ಮೊಕದ್ದಮೆಯಲ್ಲಿ ಆ ಮಾತು ಹೊಳೆದದ್ದು ಯಾರಿಗೆ — ಬಟ್ಟೆಯಾದರೆ ಸುಂಕ, ಆಟಿಕೆಯಾದರೆ ಇಲ್ಲ, ಒಂದು ಮಗುವಿಗೆ ತೊಡಿಸಿ ನೋಡೋಣ, ಗುಂಡಿ ಹಾಕೋಕೆ ಬಂದ್ರೆ ಬಟ್ಟೆ ಕಣೆ, ಎಂದು ಲಿಫ್ಟಿನಲ್ಲಿ ನಾನು ಹೇಳಿದ್ದನ್ನು ಅವಳು ಒಳಗೆ ಹೋಗಿ ಹೇಳಿದಳು, ನ್ಯಾಯಾಧೀಶರು ನಕ್ಕರು, ಆ ನಗುವಿನಿಂದಲೇ ಅವಳ ಹೆಸರು ಮೇಲೆ ಬಂತು. ಅದು ಶೆಲ್ಲಿ ಹೇಳಿಕೊಟ್ಟಿದ್ದು ಅಂತ ಹೋದಲ್ಲೆಲ್ಲ ಹೇಳುತ್ತಾಳೆ, ಅದನ್ನಾದರೂ ಮುಚ್ಚಿಟ್ಟಿದ್ದರೆ ಅವಳನ್ನು ದ್ವೇಷಿಸಲು ನನಗೊಂದು ಕಾರಣ ಸಿಗುತ್ತಿತ್ತು. ಒಂಬತ್ತು ನ್ಯಾಯಾಧೀಶರಲ್ಲಿ ಒಂದೇ ಪಕ್ಷದವರು ಐವರನ್ನು ಮೀರುವಂತಿಲ್ಲ, ಕಾನೂನು, ನನ್ನ ಪಕ್ಷದವರು ಆಗಲೇ ಐವರಿದ್ದರು, ನನ್ನ ಪಕ್ಷ ಅನ್ನುತ್ತಿದ್ದೇನೆ — ಭಾವ ಸೀಮೋರ್ ನಗರಸಭೆಗೆ ನಿಲ್ಲಲು ಹೊರಟಿದ್ದ, ಅಭ್ಯರ್ಥಿಯನ್ನು ಆರಿಸಲು ಪಕ್ಷದವರಿಗಷ್ಟೇ ಮತ, ಪಕ್ಷದ ಪಟ್ಟಿಗೆ ಹೆಸರು ಸೇರಿಸಮ್ಮಾ ರೋಚೆಲ್, ನಿನ್ನ ಗಂಟೇನು ಹೋಗುತ್ತೆ, ಅಂದ, ನನ್ನನ್ನು ಶೆಲ್ಲಿ ಅನ್ನದೆ ಪೂರ್ತಿ ಹೆಸರಿನಿಂದ ಕರೆಯುವವನು ಅವನೊಬ್ಬನೇ. ಸೋತ, ಈಗ ಫ್ಲೋರಿಡಾದಲ್ಲಿ ಗಾಲ್ಫ್ ಆಡಿಕೊಂಡಿದ್ದಾನೆ, ಹೆಸರು ತೆಗೆಸಲು ನಾನು ಮರೆತೆ, ಈ ಪೀಠದ ವಿಚಾರಕ್ಕೆ ವಾಷಿಂಗ್ಟನ್‌ನಿಂದ ಫೋನ್ ಬಂದ ಮೇಲೆ ತೆಗೆಸಿದರೆ ಯಾಕೆಂದು ಯಾರಿಗೆ ತಿಳಿಯುವುದಿಲ್ಲ. ಬರ್ನಡೆಟ್ ಯಾವ ಪಕ್ಷಕ್ಕೂ ಸೇರಿದವಳಲ್ಲ. ಅವರ ಮೀಟಿಂಗಲ್ಲಿ ಕಾಫಿ ಚೆನ್ನಾಗಿರಲ್ಲಪ್ಪ. ಅಷ್ಟೇ ಅವಳ ಕಾರಣ, ಒಂದು ಕೆಟ್ಟ ಕಾಫಿ.

ಮುಂದಿನ ಸಾಲಿನಿಂದ ಅವಳ ಅಮ್ಮ, ನನ್ನ ಸಾವಿಗೆ ಅಂತ ಈಗ್ಲೇ ಕಪ್ಪು ಬಟ್ಟೆ ಹೊಲಿಸಿದಾಳೆ ಅಂದ್ಕೊಂಡೆ ಕಣಪ್ಪ, ಅಂದಳು ಪಕ್ಕದವನಿಗೆ, ಇಡೀ ಸಭೆ ನಕ್ಕಿತು, ಬರ್ನಡೆಟ್‌ಳ ಹೆಗಲೂ ನಗುವಿಗೆ ಕುಲುಕಿತು, ಬಲಗೈ ಹಿಂದಕ್ಕೆ ಚಾಚಿದಳು, ತೋಳಿನೊಳಗೆ ಸರಕ್ಕನೆ ಹೋಯಿತು, ಈಗ ಎಡಗೈ, ಬರುತ್ತಿದೆ, ನಾನು ಬಟ್ಟೆಯನ್ನು ಒಂದಿಷ್ಟು ಆಚೆ ಹಿಡಿದಿದ್ದೇನೆ, ಬೇಕೆಂದೇ ಹಿಡಿದಿದ್ದೇನೆ, ತಡಕಾಡಲಿ ಒಂದು ಸಲ, ಇಷ್ಟು ಜನರ ಮುಂದೆ ಒಂದೇ ಒಂದು ಸಲ ಅವಳಿಗೂ ಏನಾದರೂ ಕೈಗೆ ಸಿಗದೆ ಹೋಗಲಿ, ಕೈ ಗಾಳಿಯಲ್ಲಿ ತಡಕಿತು, ಇಲ್ಲ, ಮತ್ತೆ ತಡಕಿತು, ಯಾರೋ ಕೆಮ್ಮಿದರು, ಈಗ ತಿರುಗುತ್ತಾಳೆ, ನಾನಾಗಿದ್ದರೆ ಆಗಲೇ ತಿರುಗಿರುತ್ತಿದ್ದೆ, ತೋಳನ್ನಲ್ಲ, ಹಿಂದೆ ನಿಂತವಳ ಮುಖವನ್ನು ಮೊದಲು ನೋಡುತ್ತಿದ್ದೆ — ತಿರುಗಲಿಲ್ಲ, ಹುಡುಕುವುದನ್ನೂ ಬಿಟ್ಟಳು, ಬೆರಳು ಬಿಡಿಸಿಕೊಂಡು ಸುಮ್ಮನೆ ನಿಂತಿದೆ ಆ ಕೈ, ನಾನು ತೊಡಿಸುತ್ತೇನೆಂದು ಕಾಯುತ್ತ, ಆ ಕೈ, ಬೆರಳು ಬಿಡಿಸಿದ ಆ ಕೈ